ಬಾಡಿಗೆಗೆಂದೇ ಮನೆ ಕೊಳ್ಳುವಾಗ ಯಾರನ್ನು ನಂಬುವುದು: ದಲ್ಲಾಳಿ, ವಕೀಲ, ಸಾಲ – ಒಂದು ಹೋಲಿಕೆ

ಬೆಂಗಳೂರಿನಲ್ಲಿ ಬಾಡಿಗೆಯ ವರಮಾನಕ್ಕೆಂದು ಎರಡನೆಯ ಮನೆ ಕೊಳ್ಳಲು ಹೊರಟವರಿಗೆ ಮನೆಗಳ ಕೊರತೆಯಿಲ್ಲ, ನಂಬಬಹುದಾದ ಜನರ ಕೊರತೆಯಿದೆ. ನಾನು ಈ ಕೆಲಸಕ್ಕೆ ಕೈ ಹಾಕಿದಾಗ ಪ್ರತಿಯೊಂದು ಹಂತದಲ್ಲೂ ಒಂದಕ್ಕಿಂತ ಹೆಚ್ಚು ದಾರಿಗಳನ್ನು ಪಕ್ಕಪಕ್ಕದಲ್ಲೇ ಇಟ್ಟು ಪರೀಕ್ಷಿಸಿದೆ. ಎಲ್ಲರಿಗೂ ಅನ್ವಯಿಸಿದ ಅಳತೆಗೋಲು ಒಂದೇ: ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಬರೆದು ಸಹಿ ಹಾಕಲು ಈ ವ್ಯಕ್ತಿ ಅಥವಾ ಸಂಸ್ಥೆ ಸಿದ್ಧವಿದೆಯೇ ಎಂಬುದು.

ನನ್ನ ಮುಂದಿದ್ದ ಆಸ್ತಿಗಳು ಎರಡು. ಒಂದು, ಕೆಂಗೇರಿ ಮೆಟ್ರೋ ನಿಲ್ದಾಣದ ಆಸುಪಾಸಿನಲ್ಲಿದ್ದ ಎರಡು ಕೋಣೆಗಳ ಫ್ಲ್ಯಾಟ್. ಬೆಲೆ 70 ಲಕ್ಷ ರೂಪಾಯಿ, ಬಾಡಿಗೆ ತಿಂಗಳಿಗೆ 22,000. ಇನ್ನೊಂದು, ಕೋಣನಕುಂಟೆ ಕಡೆ 20×30 ನಿವೇಶನದಲ್ಲಿ ಕಟ್ಟಿದ, ದಲ್ಲಾಳಿಗಳ ಮಾತಿನಲ್ಲಿ ‘ರೆಂಟಲ್ ಇನ್‌ಕಮ್ ಬಿಲ್ಡಿಂಗ್’. ಬೆಲೆ ಒಂದೂವರೆ ಕೋಟಿ, ಎಲ್ಲ ಪೋರ್ಷನ್‌ಗಳೂ ಸೇರಿ ಬಾಡಿಗೆ 55,000. ವರ್ಷದ ಬಾಡಿಗೆಯನ್ನು ಬೆಲೆಗೆ ಹೋಲಿಸಿದರೆ ಮೊದಲನೆಯದರಲ್ಲಿ ಶೇ 3.8ರಷ್ಟು, ಎರಡನೆಯದರಲ್ಲಿ ಶೇ 4.4ರಷ್ಟು ಹುಟ್ಟುತ್ತದೆ. ಶೇ 8ರ ಬಡ್ಡಿಗೆ 20 ವರ್ಷಗಳ ಅವಧಿಗೆ 50 ಲಕ್ಷ ಸಾಲ ಪಡೆದರೆ ಮಾಸಿಕ ಕಂತು ಸುಮಾರು 41,800 ರೂಪಾಯಿ ಆಗುತ್ತದೆ, ಅಂದರೆ ಫ್ಲ್ಯಾಟಿನ ಬಾಡಿಗೆ ಕಂತಿನ ಅರ್ಧವನ್ನು ದಾಟಿ ಸ್ವಲ್ಪವೇ ಮುಂದೆ ಹೋಗುತ್ತದೆ. ‘ಬಾಡಿಗೆಯಲ್ಲೇ ಲೋನ್ ತೀರಿಹೋಗುತ್ತೆ ಸಾರ್’ ಎಂದವರ ಮುಂದಿನ ಮಾತುಗಳನ್ನು ನಾನು ಹೆಚ್ಚು ಹೊತ್ತು ಕೇಳಲಿಲ್ಲ.

ದಲ್ಲಾಳಿಗಳ ವಿಷಯವನ್ನು ಬೇಗ ಮುಗಿಸಬಹುದು. ಬಡಾವಣೆಯ ದಲ್ಲಾಳಿಗೆ ಯಾವ ಮನೆಗೆ ಕಾವೇರಿ ನೀರು ನಿಜವಾಗಿ ಬರುತ್ತದೆ, ಯಾವುದು ಟ್ಯಾಂಕರ್ ನಂಬಿಕೊಂಡಿದೆ ಎಂಬುದು ಗೊತ್ತಿರುತ್ತದೆ. 2024ರ ಬೇಸಿಗೆಯ ನೀರಿನ ಅಭಾವದ ನಂತರ ಬಾಡಿಗೆದಾರರು ಮೊದಲು ಕೇಳುವುದೂ ಅದನ್ನೇ. ಆದರೆ ಪತ್ರಗಳ ಬಗ್ಗೆ ಕೇಳಿದರೆ ಅವರ ಉತ್ತರ ‘ಎಲ್ಲಾ ಕ್ಲಿಯರ್ ಇದೆ, ನೀವು ಟೆನ್ಶನ್ ತಗೋಬೇಡಿ’ ಎಂಬಲ್ಲಿಗೆ ನಿಲ್ಲುತ್ತದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಿರುವ ಏಜೆಂಟರು ಪತ್ರಗಳ ಪ್ರತಿಯನ್ನು ಕೇಳುವ ಮೊದಲೇ ಕಳುಹಿಸಿದರು. ಆದರೆ ಅವರ ನೋಂದಣಿ ಸಂಖ್ಯೆಗೆ ಬೆಲೆಯಿರುವುದು ರೇರಾ ವ್ಯಾಪ್ತಿಯ ಯೋಜನೆಗಳಲ್ಲಿ; ಕೋಣನಕುಂಟೆಯ ಹಳೆಯ ಕಟ್ಟಡದಂಥ ಮರುಮಾರಾಟದಲ್ಲಿ ಅದರಿಂದ ಕೊಳ್ಳುವವನಿಗೆ ಯಾವ ರಕ್ಷಣೆಯೂ ಸಿಗುವುದಿಲ್ಲ. ಮಾಲೀಕರನ್ನು ನೇರವಾಗಿ ತಲುಪಿಸುವ ಆ್ಯಪ್‌ಗಳಲ್ಲಿ ಕಮಿಷನ್ ಉಳಿಯುತ್ತದೆ, ಆದರೆ ‘ಮಾಲೀಕ’ ಎಂದು ಮಾತನಾಡುವವರಲ್ಲಿ ಕೆಲವರು ದಲ್ಲಾಳಿಗಳೇ ಆಗಿರುತ್ತಾರೆ.

ನಿಜವಾದ ವ್ಯತ್ಯಾಸ ಕಂಡದ್ದು ವಕೀಲರಲ್ಲಿ. ಒಂದೇ ಕಟ್ಟಡದ ಪತ್ರಗಳನ್ನು ಬ್ಯಾಂಕಿನ ಪ್ಯಾನೆಲ್ ವಕೀಲರೂ (ಬ್ಯಾಂಕು ತನ್ನ ಪಟ್ಟಿಯಲ್ಲಿ ಇಟ್ಟುಕೊಂಡವರು) ನಾನೇ ಗೊತ್ತುಮಾಡಿಕೊಂಡ ಸಿವಿಲ್ ವಕೀಲರೂ ಪ್ರತ್ಯೇಕವಾಗಿ ಓದಿದರು. ಪ್ಯಾನೆಲ್ ವಕೀಲರ ಶುಲ್ಕ ಕಡಿಮೆ, ಕೆಲಸ ಚುರುಕು. ಆದರೆ ಅವರ ವರದಿ ಬ್ಯಾಂಕನ್ನು ಉದ್ದೇಶಿಸಿ ಬರೆದದ್ದು; ಸಾಲಗಾರನ ಕೈಗೆ ಅದು ಬರಲೇಬೇಕೆಂದೇನೂ ಇಲ್ಲ, ಮತ್ತು ಅವರು ಉತ್ತರಿಸುವ ಪ್ರಶ್ನೆ ‘ಈ ಆಸ್ತಿಯನ್ನು ಅಡಮಾನ ಇಟ್ಟುಕೊಳ್ಳಬಹುದೇ’ ಎಂಬುದು. ನಾಳೆ ಆಸ್ತಿಯ ಮೇಲೆ ದಾವೆ ಬಿದ್ದರೂ ಬ್ಯಾಂಕು ಕಂತನ್ನು ನನ್ನ ಸಂಬಳದಿಂದ ವಸೂಲು ಮಾಡಿಕೊಳ್ಳುತ್ತದೆ, ಆದ್ದರಿಂದ ಅದರ ಆತಂಕ ಮತ್ತು ನನ್ನ ಆತಂಕ ಒಂದೇ ಅಳತೆಯವಲ್ಲ.

ಸ್ವತಂತ್ರ ವಕೀಲರು ಕೇಳಿದ ಶುಲ್ಕ ಹಲವು ಪಟ್ಟು ಹೆಚ್ಚು, ತೆಗೆದುಕೊಂಡ ಸಮಯವೂ ಹೆಚ್ಚು. ಅವರು ಮೊದಲು ಕೇಳಿದ್ದು ಮೂಲ ಪತ್ರ ಮತ್ತು ವಂಶವೃಕ್ಷ. 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪತ್ರವನ್ನು (ಇ.ಸಿ.) ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಲ್ಲಿ ಮನೆಯಲ್ಲೇ ಕುಳಿತು ಪಡೆಯಬಹುದು. ಅದಕ್ಕೂ ಹಿಂದಿನದನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದಲೇ ತರಿಸಬೇಕೆಂದು ಅವರು ಪಟ್ಟು ಹಿಡಿದರು. ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ, ಬಾಯಿಮಾತಿನ ಪಾಲು, ನೋಂದಣಿಯಾಗದ ಉಯಿಲು, ನ್ಯಾಯಾಲಯದಲ್ಲಿರುವ ದಾವೆ ಅದರಲ್ಲಿ ಕಾಣಿಸದೇ ಇರಬಹುದು ಎಂದು ವಿವರಿಸಿ, ಮಾರುವವರ ಹೆಸರುಗಳಲ್ಲಿ ದಾವೆಗಳಿವೆಯೇ ಎಂದೂ ಹುಡುಕಿಸಿದರು. ಜಮೀನು ಎಂದಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದೇ ಎಂಬ ಪ್ರಶ್ನೆಯನ್ನು ಎತ್ತಿದವರೂ ಅವರೊಬ್ಬರೇ. 1978ರ ಕಾಯ್ದೆಯ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ ಆ ಕ್ರಯ ಊರ್ಜಿತವಾಗುವುದಿಲ್ಲ, ಮತ್ತು 2023ರ ತಿದ್ದುಪಡಿಯ ನಂತರ ಮೂಲ ಮಂಜೂರುದಾರರ ವಾರಸುದಾರರು ಅರ್ಜಿ ಹಾಕಲು ಕಾಲಮಿತಿಯ ಅಡ್ಡಿಯೂ ಇಲ್ಲ. ನಮ್ಮ ಪ್ರಕರಣದಲ್ಲಿ ಆ ತೊಡಕು ಇರಲಿಲ್ಲ.

ಇದ್ದ ತೊಡಕು ಬೇರೆ. ನಿವೇಶನ ಒಂದು ಕುಟುಂಬದ ಪಿತ್ರಾರ್ಜಿತ ಜಮೀನಿನ ತುಂಡು. 2009ರಲ್ಲಿ ಗಂಡುಮಕ್ಕಳು ಮಾತ್ರ ಸೇರಿ ವಿಭಾಗಪತ್ರ ಬರೆದುಕೊಂಡಿದ್ದರು, ಇಬ್ಬರು ಹೆಣ್ಣುಮಕ್ಕಳ ಸಹಿ ಎಲ್ಲಿಯೂ ಇರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಕೊಡುತ್ತದೆ, 2004ರ ಡಿಸೆಂಬರ್ 20ಕ್ಕೆ ಮೊದಲೇ ಆದ ವಿಭಾಗಗಳನ್ನು ಮಾತ್ರ ಅದು ಮುಟ್ಟುವುದಿಲ್ಲ, ಮತ್ತು ತಿದ್ದುಪಡಿ ಬಂದಾಗ ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಪ್ಯಾನೆಲ್ ವಕೀಲರು ಇದನ್ನು ಗಮನಿಸಿರಲಿಲ್ಲವೆಂದಲ್ಲ. ‘ಇಷ್ಟು ವರ್ಷ ಯಾರೂ ಕೇಸ್ ಹಾಕಿಲ್ಲವಲ್ಲ’ ಎಂದು ಫೋನಿನಲ್ಲಿ ಹೇಳಿದರು; ಅದನ್ನೇ ಬರೆದು ಕೊಡಿ ಎಂದಾಗ ಮಾತು ಬದಲಾಯಿಸಿದರು. ಸ್ವತಂತ್ರ ವಕೀಲರು ಹೆಣ್ಣುಮಕ್ಕಳಿಂದ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರುವವರೆಗೆ ಕೊಳ್ಳಬಾರದೆಂದು ತಮ್ಮ ಅಭಿಪ್ರಾಯಪತ್ರದಲ್ಲಿ ಬರೆದು ಸಹಿ ಹಾಕಿದರು. ಮಾರುವವರು ಅದನ್ನು ಮಾಡಿಸಲು ಒಪ್ಪಲಿಲ್ಲ, ಕಟ್ಟಡ ಅಲ್ಲಿಗೆ ಕೈಬಿಟ್ಟಿತು. ಶೇ 4.4ರ ಆಕರ್ಷಣೆ ದೊಡ್ಡದೇ. ಆದರೆ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿ ಒಂದು ಪಾಲುದಾವೆ ಎಷ್ಟು ವರ್ಷ ನಡೆಯುತ್ತದೆಂಬುದನ್ನು ಬಲ್ಲವರಿಗೆ ಸ್ವತಂತ್ರ ವಕೀಲರ ಶುಲ್ಕ ದುಬಾರಿ ಎನಿಸಲಾರದು.

ಫ್ಲ್ಯಾಟಿನ ಪತ್ರಗಳು ಸರಳವಾಗಿದ್ದವು: ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇತ್ತು, ಸ್ವಾಧೀನಾನುಭವ ಪತ್ರ (ಕಟ್ಟಡ ವಾಸಕ್ಕೆ ಯೋಗ್ಯವೆಂದು ಕೊಡುವ ಒ.ಸಿ.) ಇತ್ತು. ಎರಡನೆಯದನ್ನು ನೋಡಿಯೇ ಸಾಲ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳಿಗೆ ಹೇಳಿದ ಮೇಲೆ, ಅದಿಲ್ಲದ ಫ್ಲ್ಯಾಟುಗಳ ಕಡೆ ತಿರುಗಿ ನೋಡದಿರುವುದೇ ಲೇಸು.

ಸಾಲಕ್ಕೆ ಸರ್ಕಾರಿ ಬ್ಯಾಂಕು, ಗೃಹಸಾಲ ಕಂಪನಿ, ಈಗಿರುವ ಮನೆಯ ಮೇಲೆ ಅಡಮಾನ ಸಾಲ ಎಂಬ ಮೂರನ್ನು ಹೋಲಿಸಿದೆ. ರಿಸರ್ವ್ ಬ್ಯಾಂಕಿನ ಮಿತಿಯಂತೆ 30 ಲಕ್ಷದವರೆಗಿನ ಗೃಹಸಾಲ ಬೆಲೆಯ ಶೇ 90ರಷ್ಟು, 75 ಲಕ್ಷದವರೆಗಿನದು ಶೇ 80ರಷ್ಟು, ಅದಕ್ಕೂ ಮೇಲಿನದು ಶೇ 75ರಷ್ಟು ಮೀರುವಂತಿಲ್ಲ. ಹಾಗಾಗಿ 70 ಲಕ್ಷದ ಫ್ಲ್ಯಾಟಿಗೆ 14 ಲಕ್ಷ ಕೈಯಿಂದ ಹಾಕಬೇಕು. ಇದರ ಮೇಲೆ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಶೇ 7.6, ಅಂದರೆ 5.32 ಲಕ್ಷ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಸರ್ಕಾರಿ ಬ್ಯಾಂಕಿನ ಶಾಖೆ ನಿಧಾನ, ಕೇಳುವ ಕಾಗದ ಅಪಾರ. ಬಾಡಿಗೆ ಆದಾಯವನ್ನು ಅರ್ಹತೆಗೆ ಲೆಕ್ಕ ಹಿಡಿಯುವಾಗಲೂ ಅವರು ಪೂರ್ತಿ ಮೊತ್ತವನ್ನು ಒಪ್ಪಲಿಲ್ಲ. ಆದರೆ ಬ್ಯಾಂಕುಗಳ ಬದಲಾಗುವ ಬಡ್ಡಿಯ ಗೃಹಸಾಲ 2019ರ ಅಕ್ಟೋಬರ್‌ನಿಂದ ರೆಪೋದಂಥ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರುತ್ತದೆ ಮತ್ತು ಕನಿಷ್ಠ ಮೂರು ತಿಂಗಳಿಗೊಮ್ಮೆ ಪರಿಷ್ಕರಣೆಯಾಗಬೇಕು. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೋ ದರ 6.5ರಿಂದ 5.5ಕ್ಕೆ ಇಳಿದಾಗ ಇಂಥ ಸಾಲಗಾರರು ಯಾರ ಮನೆ ಬಾಗಿಲಿಗೂ ಹೋಗಬೇಕಾಗಲಿಲ್ಲ. ಗೃಹಸಾಲ ಕಂಪನಿ ಬಹಳ ಬೇಗ ಮಂಜೂರಾತಿ ಪತ್ರ ಕೊಟ್ಟಿತು, ಅವರ ಪ್ರತಿನಿಧಿ ಮನೆಗೇ ಬಂದು ಸಹಿ ಹಾಕಿಸಿಕೊಂಡರು. ಬಿ ಖಾತೆಯ (ನಿಯಮಬದ್ಧ ಮಂಜೂರಾತಿ ಇಲ್ಲದ) ಆಸ್ತಿಗೂ ಹೆಚ್ಚಿನ ಬಡ್ಡಿಗೆ ಸಾಲ ಕೊಡುವ ಕಂಪನಿಗಳು ಈ ವರ್ಗದಲ್ಲಿ ಇವೆ. ಆದರೆ ಇಲ್ಲಿ ಮೂಲ ದರವನ್ನು ಕಂಪನಿಯೇ ನಿಗದಿಪಡಿಸುತ್ತದೆ. ಇಳಿಕೆ ಯಾವಾಗ ನನಗೆ ತಲುಪುತ್ತದೆ ಎಂಬುದಕ್ಕೆ ಲಿಖಿತ ಉತ್ತರ ಸಿಗಲಿಲ್ಲ.

2024ರ ಅಕ್ಟೋಬರ್‌ನಿಂದ ಗೃಹಸಾಲವೂ ಸೇರಿ ಹೊಸ ಚಿಲ್ಲರೆ (ರಿಟೇಲ್) ಸಾಲಗಳಿಗೆಲ್ಲ ಪ್ರಮುಖಾಂಶಗಳ ಹೇಳಿಕೆಯನ್ನು ಕೊಡುವುದು ಕಡ್ಡಾಯ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿ ಇರುತ್ತದೆ. ಪ್ರತಿನಿಧಿ ‘ಬರೀ ಫಾರ್ಮಾಲಿಟಿ’ ಎಂದಿದ್ದ ವಿಮೆಯ ಕಂತು ಸಾಲದ ಮೊತ್ತಕ್ಕೇ ಸೇರಿಕೊಂಡಿರುವುದು ನನಗೆ ಕಂಡದ್ದು ಆ ಹಾಳೆಯಲ್ಲೇ. ಅದನ್ನು ತೆಗೆದು ಲೆಕ್ಕ ಹಾಕಿಸಿದರೂ ಬ್ಯಾಂಕೇ ಅಗ್ಗವಾಗಿತ್ತು. ಅಡಮಾನ ಸಾಲದ ಬಡ್ಡಿ ಇವೆರಡಕ್ಕಿಂತ ಹೆಚ್ಚು, ಮೇಲಾಗಿ ಇರುವ ಮನೆಯನ್ನೂ ಒತ್ತೆ ಇಡಬೇಕು. ಅದನ್ನು ಹೆಚ್ಚು ಹೊತ್ತು ಯೋಚಿಸಲಿಲ್ಲ.

ಆಡಿಟರ್ ವಿಷಯದಲ್ಲಿ ಒಂದು ಮಾತು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ರಿಟರ್ನ್ಸ್ ತುಂಬಿಕೊಡುವವರು ನನ್ನನ್ನು ಏನೂ ಕೇಳಲಿಲ್ಲ. ಬಸವನಗುಡಿಯ ಆಡಿಟರ್ ಕೇಳಿದ ಮೊದಲ ಪ್ರಶ್ನೆಯೇ ‘ಮಾರುವವರು ಅನಿವಾಸಿಯೇ?’ ಎಂಬುದು. 50 ಲಕ್ಷ ಅಥವಾ ಅದಕ್ಕೂ ಮೇಲಿನ ಆಸ್ತಿ ಕೊಳ್ಳುವವನು ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ತೆರಿಗೆ ಮುರಿದು ಕಟ್ಟಬೇಕು. ಮಾರುವವರು ಅನಿವಾಸಿಯಾದರೆ ಆ ನಿಯಮ ಅನ್ವಯಿಸುವುದಿಲ್ಲ, ಮುರಿಯಬೇಕಾದದ್ದು ಬಹಳ ಹೆಚ್ಚು, ತಪ್ಪಿದರೆ ಹೊಣೆ ಕೊಂಡವನದು. ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಮನೆಯ ನಷ್ಟವನ್ನು (ಬಾಡಿಗೆಗಿಂತ ಸಾಲದ ಬಡ್ಡಿ ಹೆಚ್ಚಾದಾಗ ಆಗುವುದು) ಸಂಬಳದ ಆದಾಯದಿಂದ ಕಳೆಯುವಂತಿಲ್ಲ ಎಂಬುದನ್ನೂ ಸಾಲ ಪಡೆಯುವ ಮೊದಲೇ ಅವರು ತಿಳಿಸಿದರು.

ಫ್ಲ್ಯಾಟಿಗೆ ಬಾಡಿಗೆದಾರರನ್ನು ಹುಡುಕುವ ಕೆಲಸಕ್ಕೆ ಬಂದಾಗ ಲೆಕ್ಕ ತಿರುವುಮುರುವಾಯಿತು. ಕೊಳ್ಳುವಾಗ ನಂಬದಿದ್ದ ಬಡಾವಣೆಯ ದಲ್ಲಾಳಿಯೇ ಇಲ್ಲಿ ಆ್ಯಪ್‌ಗಿಂತ ಉತ್ತಮ ಎನಿಸಿತು: ಮಾರಾಟದ ಕಮಿಷನ್ ಒಮ್ಮೆ ಸಿಕ್ಕರೆ ಮುಗಿಯಿತು, ಆದರೆ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೊಮ್ಮೆ ಮುಗಿಯುವುದರಿಂದ ಅವರು ನನ್ನ ಮುಖವನ್ನು ಮತ್ತೆ ನೋಡಬೇಕು. ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಆಗಿ ಪಡೆದು, ಬಂದವರ ಕೆಲಸದ ವಿವರ ವಿಚಾರಿಸಿ, ಪೊಲೀಸ್ ಪರಿಶೀಲನೆಯ ಅರ್ಜಿಯನ್ನೂ ತುಂಬಿಸಿಕೊಟ್ಟರು. ಕರಾರಿನ ಕರಡನ್ನು ಮಾತ್ರ ವಕೀಲರಿಂದ ಬರೆಸಿದೆ. ಅಡ್ವಾನ್ಸ್ ಹಣ ಮರಳಿಸುವ ಗಡುವು, ಖಾಲಿ ಮಾಡುವಾಗ ಪೇಂಟಿಂಗ್ ಬಾಬ್ತು ಮುರಿದುಕೊಳ್ಳುವ ಮೊತ್ತ ಎರಡೂ ಅದರಲ್ಲಿ ಅಂಕಿಗಳಲ್ಲೇ ಇವೆ.