ಟೆಕ್ಸಾಸೋ, ಕ್ಯಾಲಿಫೋರ್ನಿಯಾವೋ: ಹೊರಗಿನವರಿಗೆ ಮೀನು ಹಿಡಿಯುವ ಲೈಸೆನ್ಸ್

ಬೇರೆ ರಾಜ್ಯದಿಂದ ಹೋಗಿ ಒಂದೇ ದಿನ ಗಾಳ ಹಾಕುವುದಾದರೆ ಟೆಕ್ಸಾಸ್ ಅಗ್ಗ. ಹೊರಗಿನವರಿಗೆ 16 ಡಾಲರ್, ಅಲ್ಲಿಯವರಿಗೆ 11. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 20. ಆದರೆ ಅಲ್ಲಿ ಇಬ್ಬರಿಗೂ ಒಂದೇ ದರ, ಅದು ನನಗೆ ಇಷ್ಟ.

ಜಾಸ್ತಿ ದಿನ ಉಳಿದರೆ ಮಾತೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ನೀವು ಹತ್ತು ದಿನಕ್ಕೆ ಕೊಡುವ ದುಡ್ಡಿಗೆ ಅಲ್ಲಿಯವರು ವರ್ಷವಿಡೀ ಮೀನು ಹಿಡಿಯುತ್ತಾರೆ. ಇದು ಅನ್ಯಾಯ ಅಲ್ವಾ? ಟೆಕ್ಸಾಸಿನಲ್ಲಿ ಸಿಹಿನೀರಿನ ವರ್ಷದ ಲೈಸೆನ್ಸಿಗೆ ನಿಮಗೆ 58, ಅವರಿಗೆ 30. ಅದು ಆಗಸ್ಟ್ 31ಕ್ಕೆ ಮುಗಿಯುತ್ತದೆ. ಆಗಸ್ಟಿನಲ್ಲಿ ಸುಮ್ನೆ ಕೊಳ್ಳಬೇಡಿ.

ದುಡ್ಡೇ ಕೊಡದೆ ಹಿಡಿಯಬೇಕೇ? ಕ್ಯಾಲಿಫೋರ್ನಿಯಾದ ಸಾರ್ವಜನಿಕ ಪಿಯರ್ (ಸಮುದ್ರದೊಳಕ್ಕೆ ಚಾಚಿದ ಕಟ್ಟೆ) ಮೇಲೆ ನಿಂತು ಸಮುದ್ರಕ್ಕೆ ಗಾಳ ಬಿಡಿ, ಲೈಸೆನ್ಸ್ ಬೇಡ. ಒಂದು ಬಕೆಟ್, ನಾಲ್ಕು ಸಿಗಡಿ ಚೂರು ಸಾಕು. ಟೆಕ್ಸಾಸಿನ ಸ್ಟೇಟ್ ಪಾರ್ಕುಗಳಲ್ಲೂ ದಡದಿಂದ ಹಿಡಿಯಲು ಲೈಸೆನ್ಸ್ ಕೇಳುವುದಿಲ್ಲ.