ಲೂಪ್ ಎಣಿಕೆಗೆ ಆರ್‌ಸಿಎಕ್ಸೋ, ಆರ್‌ಬಿಎಕ್ಸೋ?

64 ಬಿಟ್ ಲಿನಕ್ಸ್ ಅಸೆಂಬ್ಲಿಯಲ್ಲಿ ಎಣಿಕೆಗೆ ಕೈ ಮೊದಲು ಹೋಗುವುದು ಆರ್‌ಸಿಎಕ್ಸ್ ಎಂಬ ರಿಜಿಸ್ಟರ್‌ಗೆ, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗಕ್ಕೆ. ಲೂಪ್, ರೆಪ್ ಸೂಚನೆಗಳು ಇದನ್ನೇ ತಾವಾಗಿ ಇಳಿಸುತ್ತವೆ, ಅದರ ಹಳೆಯ ಅಂಕಿಯನ್ನು ಉಳಿಸಿಡುವ ಗೋಜಿಲ್ಲ. ಒಳಗೆ ಬರೀ ಲೆಕ್ಕಾಚಾರವಿದ್ದರೆ ಇದೇ ಸಾಕು.

ಲೂಪ್ ಒಳಗೆ ಪರದೆಗೆ ಬರೆಯುವ ಪ್ರಿಂಟ್‌ಎಫ್ ಫಂಕ್ಷನ್ ಕರೆದಿರೋ, ಕೆಟ್ಟಿತು. ಕರೆಸಿಕೊಂಡ ಫಂಕ್ಷನ್ ಆರ್‌ಸಿಎಕ್ಸನ್ನು ಅಳಿಸಬಹುದು. ಕರ್ನಲ್ ಅನ್ನು ಕರೆಯುವ ಸಿಸ್‌ಕಾಲ್ ಸೂಚನೆಯಂತೂ ಮರಳುವ ವಿಳಾಸವನ್ನು ಅದರಲ್ಲೇ ಬರೆಯುತ್ತದೆ. 10 ಸಲ ಓಡಬೇಕಾದ ಲೂಪ್ ಆಗ ನಿಲ್ಲುವುದೇ ಇಲ್ಲ.

ಅಂಥಲ್ಲಿ ಆರ್‌ಬಿಎಕ್ಸ್ ಆರಿಸಿ, ಇಳಿಕೆಗೆ ಡೆಕ್ (ಒಂದು ಕಳೆ) ಮತ್ತು ಜೆಎನ್‌ಝಡ್ (ಸೊನ್ನೆಯಾಗದಿದ್ದರೆ ಹಾರು) ಬರೆಯಿರಿ. ಕರೆಸಿಕೊಂಡ ಫಂಕ್ಷನ್ ಇದನ್ನು ಉಳಿಸಿಕೊಡಬೇಕು, ಹಾಗಾಗಿ ಕರೆ ಮುಗಿದ ಮೇಲೂ ಅಂಕಿ ಹಾಗೇ ಇರುತ್ತದೆ. ಆದರೆ ನಿಮ್ಮ ಫಂಕ್ಷನ್‌ಗೂ ಅದೇ ಹೊಣೆ: ಶುರುವಿನಲ್ಲಿ ಪುಶ್ (ಸ್ಟ್ಯಾಕ್‌ನಲ್ಲಿ ಉಳಿಸು), ರೆಟ್‌ಗೆ (ಮರಳುವ ಸೂಚನೆ) ಮುನ್ನ ಪಾಪ್ (ಹಿಂದೆ ತೆಗೆ) ಕಡ್ಡಾಯ. ಎರಡನ್ನೂ ಮರೆತರೆ ತಪ್ಪು ಕಾಣಿಸಿಕೊಳ್ಳುವುದು ನಿಮ್ಮನ್ನು ಕರೆದ ಕೋಡಿನಲ್ಲಿ. ಹುಡುಕುವುದು ಬಲು ಕಷ್ಟ. ಆ ಒಂದು ಪುಶ್ ಸ್ಟ್ಯಾಕನ್ನು 8 ಬೈಟ್ ಇಳಿಸಿ 16 ಬೈಟ್‌ನ ಗಡಿಗೂ (ವಿಳಾಸ 16ರಿಂದ ಭಾಗವಾಗುವಂತೆ) ಹೊಂದಿಸುತ್ತದೆ. ಪ್ರಿಂಟ್‌ಎಫ್‌ಗೆ ಅದೂ ಬೇಕು.