ಶಾಲಾ ವನದ ಸಸಿ ಕಟ್ಟು: ಕೊಳ್ಳಬಹುದು, ಆದರೆ ಕೆಲವು ಸಸಿ ಬದಲಿಸಿ ಕೇಳಿ

ಶಿವಮೊಗ್ಗ–ತೀರ್ಥಹಳ್ಳಿ ರಸ್ತೆ ಬದಿಯ ಖಾಸಗಿ ನರ್ಸರಿಯೊಂದು ಪ್ರಾಥಮಿಕ ಶಾಲೆಗಳಿಗೆಂದೇ 20 ಸಸಿಗಳ ಕಟ್ಟು ಕೊಡುತ್ತಿದೆ. ಹಲಸು, ನೇರಳೆ, ಬೆಟ್ಟದ ನೆಲ್ಲಿ, ಹುಳಿಗೆ ಬಳಸುವ ಉಪ್ಪಾಗೆ, ಮುರುಗಲು (ಕೋಕಂ), ಅಂಟುವಾಳ, ಕರಿಬೇವು, ನುಗ್ಗೆ, ಗೇರು. ಜೊತೆಗೆ ಒಂದಿಷ್ಟು ಬೇವಿನ ಹಿಂಡಿ. ಅಕೇಶಿಯಾ, ಸಿಲ್ವರ್ ಓಕ್ ತುಂಬಿ ಕಳಿಸದೆ ಮಲೆನಾಡಿನ ಹಣ್ಣಿನ ಮರಗಳನ್ನು ಆರಿಸಿದ್ದು ನಿಜಕ್ಕೂ ಮೆಚ್ಚಬೇಕಾದ ಮಾತು. ಸಸಿಗಳೂ ಗಟ್ಟಿಮುಟ್ಟಾಗಿವೆ.

ದೊಡ್ಡ ಕೊರತೆ ಉಪ್ಪಾಗೆ, ಮುರುಗಲಿನದು. ಕಟ್ಟಿನಲ್ಲಿ ಬರುವುದು ಬೀಜದ ಸಸಿ. ಇವೆರಡರಲ್ಲೂ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಏಳೆಂಟು ವರ್ಷ ಸಾಕಿ, ಹೂ ಬಿಟ್ಟ ಮೇಲೆ ಗಂಡು ಎಂದು ತಿಳಿದರೆ ಅಷ್ಟು ಹೊತ್ತಿಗೆ ನೆಟ್ಟ ಮಕ್ಕಳು ಹೈಸ್ಕೂಲು ದಾಟಿರುತ್ತಾರೆ. ಹೆಣ್ಣು ಮರದಿಂದ ಕಸಿ ಮಾಡಿದ ಸಸಿಯನ್ನೇ ಕೇಳಿ. ಮೂರ್ನಾಲ್ಕು ವರ್ಷಕ್ಕೆ ಫಲ ಕಾಣಬಹುದು. ಅದರಲ್ಲೂ ನೇರ ಚಿಗುರಿನ ಕಸಿ ಬೇಕು. ಅಡ್ಡ ಟಿಸಿಲಿನದಾದರೆ ಗಿಡ ಮೇಲೇಳದೆ ಪೊದೆಯಾಗಿ ಹರಡುತ್ತದೆ. ಕಸಿ ಗಂಟು ನೆಲಕ್ಕಿಂತ ಮೇಲಿರಲಿ, ಅದರ ಕೆಳಗೆ ಒಡೆಯುವ ಚಿಗುರನ್ನು ಆಗಾಗ ಚಿವುಟಿ. ಪರಾಗಕ್ಕೆ ಬೇಕಾದ ಗಂಡು ಮರ ಕಾಡಂಚಿನ ಊರುಗಳಲ್ಲಿ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ. ಪೇಟೆಯ ಶಾಲೆಯಾದರೆ ಬೀಜದ ಸಸಿಯೂ ಒಂದೆರಡು ಇರಲಿ.

ಗೇರನ್ನು ಪ್ರಾಥಮಿಕ ಶಾಲೆಗೆ ಕೊಡಲೇಬಾರದು. ಹಸಿ ಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಮಕ್ಕಳ ತುಟಿ, ಕೈ ಸುಟ್ಟು ಗುಳ್ಳೆ ಏಳುತ್ತದೆ. ನುಗ್ಗೆ ಬಿಸಿಯೂಟಕ್ಕೆ ಒದಗುವುದೇನೋ ಸರಿ, ಆದರೆ ನೀರು ನಿಂತರೆ ಅದರ ಬೇರು ಕೊಳೆಯುತ್ತದೆ, ಮಳೆಗಾಲದಲ್ಲಿ ಕಂಬಳಿಹುಳು ಮುತ್ತುತ್ತದೆ. ತರಗತಿಯ ಕಿಟಕಿಯಿಂದ ದೂರ, ಎತ್ತರದ ಜಾಗದಲ್ಲಿ ನೆಡಿ. ನೆಲ್ಲಿ ಎರಡು ತಳಿಯಾದರೂ ಇರಲಿ. ಒಂಟಿ ಗಿಡ ಹೂ ಬಿಟ್ಟರೂ ಕಾಯಿ ಕಚ್ಚುವುದು ಕಡಿಮೆ.

ಹಲಸಿನ ಸಸಿ ಚಿಕ್ಕ ಚೀಲದಲ್ಲಿ ಬರುತ್ತದೆ. ತಾಯಿಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಆ ತುದಿಯನ್ನು ಹರಿತ ಚಾಕುವಿನಿಂದ ಕತ್ತರಿಸಿ ನೆಡಬೇಕು. ಇಲ್ಲದಿದ್ದರೆ ಬೇರು ಆಳಕ್ಕಿಳಿಯದೆ, ಮರ ಬೆಳೆದ ಮೇಲೆ ಗಾಳಿಗೆ ಉರುಳುತ್ತದೆ.

ಜೊತೆಗಿರುವ ಸೂಚನಾ ಚೀಟಿ ಬಯಲುಸೀಮೆಯವರಿಗೆ ಬರೆದಂತಿದೆ: ಗಿಡದ ಬುಡದಲ್ಲಿ ಪಾತಿ ಮಾಡಿ ಎನ್ನುತ್ತದೆ. ಆಗುಂಬೆ, ಹೊಸನಗರದ ಆಷಾಢದ ಮಳೆಗೆ ಪಾತಿ ಎಂದರೆ ಕೆರೆ. ಮೇ ತಿಂಗಳಲ್ಲೇ ದೊಡ್ಡವರು ಒಂದೂವರೆ ಅಡಿ ಗುಂಡಿ ತೆಗೆಯಲಿ, ಜಂಬಿಟ್ಟಿಗೆ ನೆಲವಾದರೆ ಎರಡಡಿ. ಮೇಲ್ಮಣ್ಣಿಗೆ 5 ಕೆಜಿ ಕೊಟ್ಟಿಗೆ ಗೊಬ್ಬರ, ಕಾಲು ಕೆಜಿ ಬೇವಿನ ಹಿಂಡಿ ಬೆರೆಸಿ ತುಂಬಿ, ಬುಡವನ್ನು ಸ್ವಲ್ಪ ದಿಬ್ಬ ಮಾಡಿ. ಜೂನ್ ಮಧ್ಯದಲ್ಲಿ ನೆಲ ನೆಂದ ಮೇಲೆ ಮಕ್ಕಳ ಕೈಯಲ್ಲಿ ನೆಡಿಸಿ. ಪಾತಿ ಬೇಕಾಗುವುದು ನವೆಂಬರ್ ನಂತರ, ದರಗಿನ (ಒಣ ಎಲೆಯ) ಹೊದಿಕೆಯೊಂದಿಗೆ. ಆಗ ಗೆದ್ದಲು ಬಾರದಂತೆ ಇನ್ನೊಮ್ಮೆ ಹಿಂಡಿ ಹಾಕಿ. ಸಾಲುಗಳ ನಡುವೆ ಅರಿಶಿನ, ಕೆಸು ಹಾಕಿದರೆ ಕೃಷಿ ಅರಣ್ಯ ಎಂಬ ಮಾತು ಮಕ್ಕಳಿಗೆ ಕಣ್ಣೆದುರೇ ತಿಳಿಯುತ್ತದೆ.

ಏಪ್ರಿಲ್–ಮೇ ರಜೆಯಲ್ಲಿ ನೀರು ಹಾಕುವವರು ಯಾರು ಎಂಬುದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲೇ ಗೊತ್ತು ಮಾಡಿಕೊಳ್ಳಿ. ಸಸಿ ಸಾಯುವುದು ಹೆಚ್ಚಾಗಿ ಆಗಲೇ. ತಳದಲ್ಲಿ ತೂತು ಕೊರೆದು ಬಟ್ಟೆಯ ಬತ್ತಿ ತೂರಿಸಿದ ಮಡಕೆಯನ್ನು ಬುಡದ ಪಕ್ಕ ಹೂತರೆ ವಾರಕ್ಕೆರಡು ಬಾರಿ ತುಂಬಿಸಿದರೂ ನಡೆಯುತ್ತದೆ.

ಬೆಲೆ ಅರಣ್ಯ ಇಲಾಖೆಯ ರಿಯಾಯಿತಿ ಸಸಿಗಿಂತ ಹೆಚ್ಚು. ನೇರಳೆ, ನೆಲ್ಲಿ, ಅಂಟುವಾಳಗಳನ್ನು ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ, ಇಲ್ಲಿ ಕಸಿ ಸಸಿಗಳಿಗಷ್ಟೇ ಹಣ ಕೊಡುವುದು ಜಾಣತನ. ಗೇರಿನ ಬದಲು ಕಸಿ ಮುರುಗಲು ಬೇಕೆಂದು ಜನವರಿಯಲ್ಲೇ ಹೇಳಿಡಿ. ಜೂನ್ ಹೊತ್ತಿಗೆ ಒಳ್ಳೆಯ ಕಸಿ ಸಸಿಗಳೆಲ್ಲ ತೋಟದವರ ಪಾಲಾಗಿರುತ್ತವೆ.